ಕತ್ತುನೋವಿಗೆ ನೆಟಿಗೆ ಮದ್ದಲ್ಲ

ಪ್ರಶ್ನೆ: ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ನನ್ನದು. ಸಂಜೆಯಾದರೆ ಕತ್ತು, ಹೆಗಲು ಹಿಡಿದುಕೊಳ್ಳುತ್ತವೆ. ದಿಂಬಿಲ್ಲದೆ ಮಗ್ಗುಲಾಗಿ ಮಲಗಿದರೂ ಕಡಿಮೆಯಾಗಿಲ್ಲ. ಕ್ಷೌರದಂಗಡಿಯಲ್ಲಿ ನೆಟಿಗೆ ತೆಗೆಸಬಹುದೇ?

ಉತ್ತರ: ದಯವಿಟ್ಟು ಬೇಡ. ಕತ್ತನ್ನು ಥಟ್ಟನೆ ತಿರುಚಿದರೆ ಮಿದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿಯಬಹುದು. ಅಪರೂಪವೇನೋ ಹೌದು, ಆದರೆ ಆ ಅಪಾಯಕ್ಕೆ ಕತ್ತೊಡ್ಡುವ ಅಗತ್ಯವೇ ಇಲ್ಲ.

ನಿಮ್ಮ ನೋವಿಗೆ ಕೂರುವ ಭಂಗಿಯೇ ಕಾರಣವಿರುವಂತಿದೆ. ತಲೆಯ ತೂಕ ಸುಮಾರು 5 ಕೆಜಿ. ನೆಟ್ಟಗೆ ಕೂತಾಗ ಕತ್ತಿನ 7 ಮೂಳೆಗಳು ಅದನ್ನು ಸುಲಭವಾಗಿ ಹೊರುತ್ತವೆ. ಗೂಡಿನ ಎಳೆ ಹುಡುಕಲು ಬಗ್ಗಿದಾಗ ಹಿಂಬದಿಯ ಸ್ನಾಯುಗಳು ತಲೆಯನ್ನು ಎಳೆದು ಹಿಡಿಯಬೇಕು. ಗಂಟೆಗಟ್ಟಲೆ ಬಿಗಿದೇ ಇದ್ದು ದಣಿಯುತ್ತವೆ. ಆಸನವನ್ನು ಗೂಡು ಹಾಕುವ ಬಿಸಿನೀರಿನ ಬಟ್ಟಲಿಗೆ ಹತ್ತಿರ ಎಳೆದುಕೊಳ್ಳಿ, ಬಟ್ಟಲು ಮೊಣಕೈ ಮಟ್ಟಕ್ಕೆ ಬರುವಷ್ಟು ಆಸನ ತಗ್ಗಿಸಿ. ಬೆಳಕು ನೇರ ಬಟ್ಟಲಿನ ಮೇಲೆ ಬೀಳಲಿ: ಹಬೆಯಲ್ಲಿ ಎಳೆ ಕಾಣದಿದ್ದರೆ ಯಾರಾದರೂ ಬಗ್ಗಲೇಬೇಕು.

ಅರ್ಧ ಗಂಟೆಗೊಮ್ಮೆ ಎದ್ದು, ಗದ್ದವನ್ನು ಎತ್ತದೆ, ತಗ್ಗಿಸದೆ ನೇರ ಹಿಂದಕ್ಕೆ ಎಳೆಯಿರಿ. 5 ಸೆಕೆಂಡು ಹಿಡಿದು ಬಿಡಿ. ಹೀಗೆ 10 ಸಲ. ಗದ್ದದ ಕೆಳಗೆ ಮಡಿಕೆ ಬಿದ್ದರೆ ಸರಿಯಾಗಿದೆ ಎಂದರ್ಥ. ನೋವು ಹೆಚ್ಚಾದರೆ ನಿಲ್ಲಿಸಿ.

ದಿಂಬು ಬಿಡಬೇಡಿ. ಮಗ್ಗುಲಾಗಿ ಮಲಗಿದಾಗ ಹೆಗಲಿಗೂ ಕಿವಿಗೂ ನಡುವಿನ ಜಾಗ ತುಂಬುವಷ್ಟು ದಪ್ಪ ಬೇಕು.

ನೋವು ಕೈಗಿಳಿದು ಬೆರಳು ಜೋಮು ಹಿಡಿದರೆ ವೈದ್ಯರಿಗೆ ತೋರಿಸಿ. ಹಿಡಿದ ವಸ್ತು ಜಾರುವುದು, ನಡಿಗೆ ತಡವರಿಸುವುದು, ಮೂತ್ರ ಹಿಡಿತ ತಪ್ಪುವುದು, ಜ್ವರ ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ.