ಕೊಡಗಿನಲ್ಲಿ ಗುಡ್ಡದ ಬುಡದಲ್ಲಿ ಮನೆ ಇದ್ದರೆ ಮಳೆಗಾಲಕ್ಕೆ ಏನು ತಯಾರಿ ಬೇಕು?

ಮೊದಲು ಮನೆ ಹಿಂದಿನ ಬರೆ (ಗುಡ್ಡ ಕಡಿದಾಗ ನಿಂತ ಮಣ್ಣಿನ ಗೋಡೆ) ನೋಡಿ, ದಿನಸಿ ಆಮೇಲೆ. 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದೇ ಜೀವಗಳು ಹೋದವು. ಮೂರೂ ಸಲ ಆಗಸ್ಟ್ ತಿಂಗಳು.

ಇಳಿಜಾರನ್ನು ನೇರಕ್ಕೆ ಕಡಿದಿದ್ದರೆ ಅಪಾಯ ಜಾಸ್ತಿ. ದಿನಗಟ್ಟಲೆ ಮಳೆ ಹೊಯ್ದಾಗ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಹಿಡಿತ ಬಿಡುತ್ತದೆ. ಅಜ್ಜನ ಕಾಲದಿಂದ ಏನೂ ಆಗಿಲ್ಲ ಅಂತ ಸುಮ್ನೆ ಕೂರಬೇಡಿ. ಆಗ ಬರೆ ಹೀಗೆ ಕಡಿದಿರಲಿಲ್ಲ, ಅಲ್ವಾ? ಮೇಲಿನ ನೀರು ಪಕ್ಕಕ್ಕೆ ಹೋಗುವಂತೆ ಮೇ ತಿಂಗಳಲ್ಲೇ ಚರಂಡಿ ಬಿಡಿಸಿ.

ತೋಟದ ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಕೆಂಪಗೆ ಕದಡಿದ ಒರತೆ, ಜೋರು ಮಳೆಯಲ್ಲೂ ನೀರು ಕಮ್ಮಿಯಾದ ತೋಡು (ಸಣ್ಣ ಹಳ್ಳ). ಇವುಗಳಲ್ಲಿ ಒಂದು ಕಂಡರೂ ಬೆಳಕಿರುವಾಗಲೇ ಮನೆ ಬಿಡಿ. ದನಗಳ ಹಗ್ಗ ಬಿಚ್ಚಿ.

ಆಧಾರ್, ರೇಷನ್ ಕಾರ್ಡ್, ಆರ್‌ಟಿಸಿ (ಜಮೀನಿನ ಪಹಣಿ) ಪ್ಲಾಸ್ಟಿಕ್ ಕವರಿನಲ್ಲಿರಲಿ. ಜೊತೆಗೆ ಟಾರ್ಚ್, ಪವರ್ ಬ್ಯಾಂಕ್, ಬಿಪಿ-ಶುಗರ್ ಮಾತ್ರೆ. ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಯಾರ ಮನೆಗೆ ಹೋಗೋದು ಅಂತ ಮೊದಲೇ ಮಾತಾಡಿಕೊಳ್ಳಿ. ಜಿಲ್ಲಾ ಕಂಟ್ರೋಲ್ ರೂಮ್ 1077, ತುರ್ತಿಗೆ 112.