ಬೋಲ್ಟ್ ಪದೇ ಪದೇ ಲೂಸ್ ಆಗ್ತಿದೆ, ಏನ್ಮಾಡ್ಲಿ?

ಪ್ರಶ್ನೆ: ಸರ್, ಕನ್ವೇಯರ್ ಮೋಟರ್ ಕೂರಿಸಿರೋ ಎಂ12 (12 ಎಂಎಂ ದಪ್ಪದ) ಹೆಕ್ಸ್ ಬೋಲ್ಟ್‌ಗಳು ಪದೇ ಪದೇ ಲೂಸ್ ಆಗ್ತಿವೆ. ತಲೆ ಮೇಲೆ 8.8 ಅಂತಿದೆ. ಅದಕ್ಕಿಂತ ಗಟ್ಟಿ 10.9 ಹಾಕಿದ್ರೆ ನಿಲ್ಲುತ್ತಾ?

ಉತ್ತರ: ಬೋಲ್ಟ್ ಮಾತ್ರ ಬದಲಾಯಿಸಿ ಮೊದಲಿನಷ್ಟೇ ಟೈಟ್ ಮಾಡಿದ್ರೆ ನಿಲ್ಲಲ್ಲ. 8.8ರಲ್ಲಿ ಮೊದಲ 8 ಅಂದ್ರೆ ಸುಮಾರು 800 ಮೆಗಾಪ್ಯಾಸ್ಕಲ್ (ಒತ್ತಡ ಅಳೆಯೋ ಯೂನಿಟ್) ತನಕ ಎಳೆತ ತಡಿಯುತ್ತೆ ಅಂತ, ಚುಕ್ಕಿ ಆದ್ಮೇಲಿನ 8 ಅಂದ್ರೆ ಅದರ 80 ಪರ್ಸೆಂಟ್, ಅಂದ್ರೆ 640 ದಾಟಿದ್ರೆ ಹಿಗ್ಗಿದ್ದು ವಾಪಸ್ ಬರಲ್ಲ. ಮೋಟರ್‌ಗೆ ಇದು ಸಾಮಾನ್ಯವಾಗಿ ಧಾರಾಳ ಸಾಕು. ಬೋಲ್ಟ್ ಹಿಡಿಯೋದೇ ಟೈಟ್ ಮಾಡಿದಾಗ ಅದು ಸ್ವಲ್ಪ ಹಿಗ್ಗಿ ಸ್ಪ್ರಿಂಗ್ ಥರ ಎಳ್ಕೊಂಡಿರೋದ್ರಿಂದ, ಆ ಎಳೆತ ಹೋದ್ರೆ ವೈಬ್ರೇಶನ್‌ಗೆ ನಟ್ ತಾನೇ ಬಿಚ್ಕೊಳ್ಳುತ್ತೆ.

ಮೊದ್ಲು ಬೋಲ್ಟ್ ತಲೆ ಕೆಳಗೆ ನೋಡಿ, ಅಲ್ಲಿ ದಪ್ಪ ಪೇಂಟ್ ಇದ್ರೆ ಕೆರೆದು ತೆಗೀರಿ, ಅದು ಒತ್ತಡಕ್ಕೆ ನಜ್ಜಾಗ್ತಾ ಹೋದಂಗೆ ಎಳೆತವೂ ಕಮ್ಮಿ ಆಗುತ್ತೆ. ಮೋಟರ್ ಕಾಲಲ್ಲಿ ಉದ್ದ ಸ್ಲಾಟ್ ಇದ್ರೆ ತೆಳು ವಾಷರ್ ಒಳಗೆ ಕುಸಿಯುತ್ತೆ, ದಪ್ಪ ಗಟ್ಟಿ ವಾಷರ್ ಹಾಕಿ. ಸ್ಪ್ರಿಂಗ್ ವಾಷರ್ ಮೇಲೆ ನನಗಂತೂ ನಂಬಿಕೆ ಇಲ್ಲ, ಪೂರ್ತಿ ಚಪ್ಪಟೆ ಆದ್ಮೇಲೆ ಅದೂ ಬರೀ ವಾಷರ್ರೇ! ನೈಲಾಕ್ ನಟ್ (ಒಳಗೆ ನೈಲಾನ್ ರಿಂಗ್ ಇರೋದು) ಅಥವಾ ಥ್ರೆಡ್ ಲಾಕರ್ (ಥ್ರೆಡ್‌ಗೆ ಹಚ್ಚೋ ಅಂಟು) ವಾಸಿ.

ಟಾರ್ಕ್ (ತಿರುಗಿಸೋ ಬಲ) ಅಳೆಯೋ ಟಾರ್ಕ್ ವ್ರೆಂಚಲ್ಲೇ ಟೈಟ್ ಮಾಡಿ, ಆದ್ರೆ ಥ್ರೆಡ್‌ಗೆ ಎಣ್ಣೆ ಹಚ್ಚಿದ್ರೆ ಅದೇ ಟಾರ್ಕ್‌ಗೆ ಎಳೆತ ಜಾಸ್ತಿ ಆಗುತ್ತೆ, ಒಣ ಥ್ರೆಡ್‌ನ ಲೆಕ್ಕ ಅಲ್ಲಿ ನಡೆಯಲ್ಲ. ಇನ್ನು ಎಂ12ರಲ್ಲಿ 19 ಸ್ಪ್ಯಾನರ್‌ದೂ ಬರುತ್ತೆ 18ರದ್ದೂ ಬರುತ್ತೆ, 18ರ ತಲೆಗೆ 19 ಹಾಕಿ ತಿರುವಿದ್ರೆ ಮೂಲೆ ಸವೆದು ಗುಂಡಗಾಗುತ್ತೆ.