ನಿಮ್ಮ ಕಡಲಿನಲ್ಲಿ ನೀರು ಸಾಲದು

ನಮಸ್ಕಾರ.

ನಿಮ್ಮ ‘ಕಡಲೊಡೆಯ’ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೇ ಸಲ ಸಂಕಟವಾಯಿತು. ಹಾಗಾಗಿ ‘ಪ್ರಕಟಿಸಲು ಆಗುತ್ತಿಲ್ಲ’ ಅಂತ ಒಂದು ಸಾಲು ಬರೆದು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಹೆಸರು ಹಾಕದೆ ಈ ಉತ್ತರವನ್ನು ಅಂಕಣದಲ್ಲೇ ಕೊಡಬಹುದು ಎಂದು ನೀವು ಒಪ್ಪಿದ್ದೀರಿ. ಧನ್ಯವಾದ.

ಓದುವ ಬೇರೆಯವರಿಗೂ ಗೊತ್ತಾಗಲಿ, ಕಥೆ ಇಷ್ಟು: ಕಡಲಿನಲ್ಲಿ ಸಾವಿರ ಮಾರು ಆಳದಲ್ಲಿ ಒಂದು ರಾಜ್ಯ. ಅದರ ರಾಜನಿಗೆ ಚಿನ್ನದ ತ್ರಿಶೂಲವಿದೆ, ಮೀನುಗಳೆಲ್ಲ ಅವನ ಮಾತು ಕೇಳುತ್ತವೆ. ಆಕಾಶದಿಂದ ಕಬ್ಬಿಣದ ಹಡಗುಗಳಲ್ಲಿ ಶತ್ರುಗಳು ಇಳಿಯುತ್ತಾರೆ. ಮೂರು ಯುದ್ಧ ನಡೆಯುತ್ತದೆ, ಮೂರರಲ್ಲೂ ರಾಜ ಗೆಲ್ಲುತ್ತಾನೆ.

ಕಥೆ ಓಡಿಸಿಕೊಂಡು ಹೋಗುತ್ತದೆ. ಕಾಗುಣಿತ ತಪ್ಪು ಕಡಿಮೆ. ಮೂರು ಯುದ್ಧದಲ್ಲೂ ಯಾರು ಎಲ್ಲಿದ್ದಾರೆ ಎಂಬ ಗೊಂದಲ ಇಲ್ಲ. ಇದು ಎಲ್ಲರಿಗೂ ಬರುವುದಿಲ್ಲ. ಎರಡನೇ ಪುಟದಲ್ಲಿ ಒಂದು ತೊರಕೆ ಮೀನು ಬರುತ್ತದೆ, ಅದರ ವಿಷಯ ಆಮೇಲೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಿಮ್ಮ ಕಥೆಯಲ್ಲಿ ನೀರಿಲ್ಲ. ‘ಕಡಲು’, ‘ಸಾಗರ’, ‘ಜಲ’ ಪುಟಪುಟದಲ್ಲೂ ಸಿಗುತ್ತವೆ. ಆದರೆ ಆ ಪದಗಳನ್ನು ಹೊಡೆದುಹಾಕಿ ‘ಬೆಟ್ಟ’ ಅಂತ ಬರೆದರೂ ಕಥೆಗೆ ಏನೂ ಆಗುವುದಿಲ್ಲ. ನಾಲ್ಕು ಸಾಲು ತೆಗೆದು ತೋರಿಸುತ್ತೇನೆ.

ಮೊದಲನೆಯದು. ‘ಅರಮನೆಯ ಕಂಬಗಳಲ್ಲಿ ಪಂಜುಗಳು ಧಗಧಗನೆ ಉರಿಯುತ್ತಿದ್ದವು.’ ನೀರಿನೊಳಗೆ ಪಂಜು ಹೇಗೆ ಉರಿಯುತ್ತದೆ? ಈ ಪ್ರಶ್ನೆ ಬರುತ್ತದೆ ಅಂತ ನಿಮಗೂ ಗೊತ್ತಿತ್ತು. ಅದಕ್ಕೇ ಜೊತೆಗಿದ್ದ ಪತ್ರದಲ್ಲಿ ‘ಇದು ಫ್ಯಾಂಟಸಿ ಸರ್, ಲಾಜಿಕ್ ಹುಡುಕಬಾರದು’ ಎಂದು ಬರೆದಿದ್ದೀರಿ. ನನಗೆ ಸಿಟ್ಟು ಬಂದಿದ್ದು ಈ ಮಾತಿಗೆ. ರಾಜ ನೀರಿನಲ್ಲಿ ಉಸಿರಾಡುತ್ತಾನೆ ಅಂದಿರಿ, ಒಪ್ಪಿದೆ. ಮೀನುಗಳ ಜೊತೆ ಮಾತಾಡುತ್ತಾನೆ ಅಂದಿರಿ, ಅದನ್ನೂ ಒಪ್ಪಿದೆ. ಓದುಗ ಇಷ್ಟು ದೊಡ್ಡ ವಿಷಯಗಳನ್ನೇ ನಂಬಿ ಬಂದಿರುವಾಗ ಚಿಕ್ಕಪುಟ್ಟ ವಿಷಯದಲ್ಲಿ ಅವನ ಕೈಬಿಡುವುದು ಸರಿಯಾ? ಸಾವಿರ ಮಾರು ಅಂದರೆ ಸುಮಾರು 1800 ಮೀಟರ್. ಸಾವಿರ ಮೀಟರ್ ದಾಟಿದ ಮೇಲೆ ಸೂರ್ಯನ ಬೆಳಕು ಒಂದು ಎಳೆಯೂ ಇಳಿಯುವುದಿಲ್ಲ. ಅಲ್ಲಿರುವ ಬೆಳಕೆಲ್ಲ ಜೀವಿಗಳು ತಮ್ಮ ಮೈಯಿಂದ ತಾವೇ ಹೊರಡಿಸುವ ಬೆಳಕು. ಎಂಥ ಅರಮನೆ ಕಟ್ಟಬಹುದಿತ್ತು ನೋಡಿ! ನೀವು ಪಂಜು ಹಚ್ಚಿಬಿಟ್ಟಿರಿ.

ಎರಡನೆಯದು. ‘ಹೆಬ್ಬಾಗಿಲಿನ ಕಡೆಯಿಂದ ಸದ್ದು ಕೇಳಿ ರಾಜ ತಟ್ಟನೆ ಅತ್ತ ತಿರುಗಿದನು.’ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಕಡಲ ನೀರಿನಲ್ಲಿ ಸುಮಾರು 1500 ಮೀಟರ್. ನೆಲದ ಮೇಲೆ ಸದ್ದು ಒಂದು ಕಿವಿಗೆ ಚೂರು ಮೊದಲು, ಇನ್ನೊಂದಕ್ಕೆ ಚೂರು ತಡವಾಗಿ ಮುಟ್ಟುತ್ತದೆ. ಅದರಿಂದಲೇ ಬಲವಾ ಎಡವಾ ಅಂತ ನಮಗೆ ತಿಳಿಯುವುದು. ನೀರಿನಲ್ಲಿ ಆ ಅಂತರ ತೀರಾ ಕಡಿಮೆಯಾಗಿಬಿಡುತ್ತದೆ. ಮನುಷ್ಯನ ಕಿವಿ ಇರುವವನಿಗೆ ಸದ್ದು ಎಲ್ಲ ಕಡೆಯಿಂದಲೂ ಒಟ್ಟಿಗೆ ಬಂದಂತೆ ಕೇಳುತ್ತದೆ. ಯೋಚಿಸಿ: ಶತ್ರು ಬಂದಿದ್ದಾನೆ ಅಂತ ರಾಜನಿಗೆ ಗೊತ್ತು, ಎಲ್ಲಿಂದ ಅಂತ ಗೊತ್ತಿಲ್ಲ. ಇಡೀ ರಾಜ್ಯ ಒಂದೇ ಸಲ ಬೆಚ್ಚುತ್ತದೆ. ನಿಮ್ಮ ಮೂರು ಯುದ್ಧದಲ್ಲೂ ಸಿಗದ ಹೆದರಿಕೆ ಈ ಒಂದು ಸದ್ದಿನಲ್ಲಿದೆ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ನಮ್ಮದು ಬಯಲುಸೀಮೆ. ಒಣಗಿದ ಸೋರೆ ಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವನು ನಾನು. ಬೇಸಿಗೆ ರಜೆಯಲ್ಲಿ ನಮ್ಮದೊಂದು ಆಟವಿತ್ತು. ಒಬ್ಬ ಎರಡು ಕಲ್ಲು ಹಿಡಿದು ಮುಳುಗಿ ಟಕ್ ಟಕ್ ಅಂತ ಕುಟ್ಟಬೇಕು. ಉಳಿದವರು ನೀರೊಳಗೆ ಕಣ್ಣು ಮುಚ್ಚಿ, ಸದ್ದು ಯಾವ ಕಡೆಯದು ಅಂತ ಬೆರಳು ತೋರಿಸಬೇಕು. ಯಾರೂ ಒಂದು ಸಲವೂ ಸರಿಯಾಗಿ ತೋರಿಸಿದ್ದಿಲ್ಲ. ಆ ಸದ್ದು ಕಿವಿಗೆ ಬೀಳುತ್ತಲೇ ಇರಲಿಲ್ಲ. ಹಲ್ಲಿನ ಬುಡದಲ್ಲಿ, ತಲೆಯೊಳಗೆ ಯಾರೋ ಕೂತು ಕುಟ್ಟಿದಂತೆ ಇರುತ್ತಿತ್ತು. ಮೇಲೆ ಬಂದಾಗ ಎಲ್ಲರ ಬೆರಳೂ ಒಂದೊಂದು ದಿಕ್ಕಿಗೆ.

1986ರಲ್ಲಿ ಬೆಂಗಳೂರಿನ ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಆಗ ನಾನೂ ಒಂದು ಕಡಲಿನ ಕಥೆ ಬರೆದಿದ್ದೆ. ಹಡಗು ಒಡೆದು ನಾವಿಕನೊಬ್ಬ ಮುಳುಗುವ ಕಥೆ. ಅಲ್ಲಿಯವರೆಗೆ ಸಮುದ್ರ ನೋಡಿಯೇ ಇರಲಿಲ್ಲ. ನಮ್ಮ ವಿಭಾಗದ ಹಿರಿಯರಿಗೆ ಕೊಟ್ಟೆ. ಅವರು ಮಧ್ಯಾಹ್ನದ ಊಟ ಬಿಟ್ಟು ಓದಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: ‘ನೀನು ಯಾವತ್ತಾದರೂ ಮುಳುಗಿದ್ದೀಯೇನಯ್ಯಾ?’ ಬಾವಿಯಲ್ಲಿ ಮುಳುಗಿದ್ದೇನೆ ಸರ್, ಅಂದೆ. ‘ಆ ಬಾವಿ ಇದರಲ್ಲಿ ಎಲ್ಲಿದೆ ತೋರಿಸು’ ಅಂದರು. ನಾನು ಹಾಳೆ ತಿರುವಿದೆ, ಮತ್ತೆ ತಿರುವಿದೆ. ತೋರಿಸಲು ಏನೂ ಇರಲಿಲ್ಲ. ನನ್ನ ನಾವಿಕ ‘ಕರಾಳ ಅಲೆಗಳ ರುದ್ರ ನರ್ತನ’ದಲ್ಲಿ ಮುಳುಗಿದ್ದ. ಆ ಅಲೆಗಳನ್ನು ನಾನು ಬೇರೆಯವರ ಕಥೆಗಳಿಂದ ತಂದಿದ್ದೆ. ಅವತ್ತು ರಾತ್ರಿ ರೂಮಿನಲ್ಲಿ ಕೂತು ಬಾವಿಯ ನೀರು ನೆನಪು ಮಾಡಿಕೊಂಡೆ. ಮೇಲೆ ಒಂದು ಮೊಳ ಬಿಸಿ, ಅದರ ಕೆಳಗೆ ಕಾಲಿಗೆ ತಟ್ಟನೆ ತಾಗುವ ತಂಪು, ಮೂಗಿಗೆ ಹೊಕ್ಕ ನೀರು ನೆತ್ತಿಗೇರಿ ಉರಿಯುವ ಉರಿ. ಇಷ್ಟನ್ನು ನಾವಿಕನಿಗೆ ಕೊಟ್ಟೆ. ಅವನು ಆಗ ಮುಳುಗಿದ.

ಮೂರನೆಯ ಸಾಲು. ‘ಗಾಯದಿಂದ ಕೆಂಪು ರಕ್ತ ನೆಲಕ್ಕೆ ತೊಟ್ಟಿಕ್ಕಿತು.’ ನೀರಿನಲ್ಲಿ ರಕ್ತ ತೊಟ್ಟಿಕ್ಕುವುದಿಲ್ಲ. ಹೊಗೆಯ ಹಾಗೆ ಹೊರಬಂದು, ಸುರುಳಿ ಸುತ್ತಿ, ಹರಡುತ್ತದೆ. ಕೆಂಪಾಗಿಯೂ ಕಾಣುವುದಿಲ್ಲ. ಸೂರ್ಯನ ಬೆಳಕಿನಲ್ಲಿ ನೀರು ಮೊದಲು ನುಂಗುವ ಬಣ್ಣವೇ ಕೆಂಪು. ಹತ್ತು ಮೀಟರ್ ಇಳಿಯುವಷ್ಟರಲ್ಲೇ ಅದು ಬಹುಪಾಲು ಹೋಗಿರುತ್ತದೆ. ಇನ್ನೂ ಕೆಳಗೆ ರಕ್ತ ಹಸಿರುಗಪ್ಪಾಗಿ ಕಾಣುತ್ತದೆ. ತನ್ನ ರಕ್ತದ ನಿಜವಾದ ಬಣ್ಣವನ್ನೇ ಕಾಣದ ರಾಜ ನಿಮ್ಮವನು. ಅವನು ಮೊದಲ ಸಲ ನೀರಿನ ಮೇಲೆ ಬಂದು, ಬಿಸಿಲಿನಲ್ಲಿ ತನ್ನ ಕೈಯ ಗಾಯ ನೋಡಿಕೊಂಡರೆ ಹೇಗಿರುತ್ತದೆ? ನಾನು ಈ ಪ್ರಶ್ನೆಯಲ್ಲೇ ಅರ್ಧ ಗಂಟೆ ಕೂತಿದ್ದೆ.

ನಾಲ್ಕನೆಯದು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು. ‘ರಾಣಿಯ ಕೆನ್ನೆಯ ಮೇಲೆ ಇಳಿದ ಕಣ್ಣೀರನ್ನು ರಾಜ ಬೆರಳಿನಿಂದ ಒರೆಸಿದನು.’ ಉಪ್ಪು ನೀರಿನೊಳಗೆ ಉಪ್ಪು ಕಣ್ಣೀರು! ಅದು ಇಳಿಯುವುದಿಲ್ಲ, ಕಾಣುವುದೂ ಇಲ್ಲ. ಹಾಗಾದರೆ ಕಡಲಿನ ಜನ ಅಳುವುದು ಒಬ್ಬರಿಗೊಬ್ಬರಿಗೆ ಹೇಗೆ ಗೊತ್ತಾಗುತ್ತದೆ? ಅವಳು ಅಳುತ್ತಿದ್ದಾಳೆ ಅಂತ ಗಂಡನಿಗೆ ತಿಳಿಯುವುದು ಯಾವುದರಿಂದ? ಕಿವಿರು ಬೇಗ ಬೇಗ ಬಡಿದುಕೊಳ್ಳುವುದರಿಂದಲೇ? ಅಥವಾ ಅವನಿಗೆ ತಿಳಿಯುವುದೇ ಇಲ್ಲವೇ? ಮದುವೆಯಾಗಿ ಇಷ್ಟು ವರ್ಷ ಅವಳು ಎಷ್ಟು ಸಲ ಅತ್ತಿದ್ದಾಳೆ ಅಂತ ಅವನಿಗೆ ಲೆಕ್ಕವೇ ಇಲ್ಲದಿರಬಹುದು. ಈ ಸಾಲನ್ನು ನೀವು ಹತ್ತು ನಿಮಿಷ ದಿಟ್ಟಿಸಿ ನೋಡಿದ್ದರೆ ಬೇರೆಯೇ ಕಥೆ ಸಿಗುತ್ತಿತ್ತು.

ನೀರೊಳಗಿನ ರಾಜನನ್ನು ಕನ್ನಡ ಸಾವಿರ ವರ್ಷದ ಹಿಂದೆಯೇ ಕಂಡಿದೆ. ರನ್ನನ ಗದಾಯುದ್ಧದ ದುರ್ಯೋಧನ ಎಲ್ಲರನ್ನೂ ಕಳಕೊಂಡು, ಮಂತ್ರಬಲದಿಂದ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಿರುತ್ತಾನೆ. ದಡದಲ್ಲಿ ನಿಂತು ಭೀಮ ಗರ್ಜಿಸುತ್ತಾನೆ. ಆ ಸದ್ದು ನೀರೊಳಗೆ ಇಳಿಯುತ್ತದೆ. ನೀರಿನಲ್ಲಿ ಇದ್ದೂ ದುರ್ಯೋಧನ ಬೆವರುತ್ತಾನೆ. ಕಾಲೇಜಿನಲ್ಲಿ ಮೇಷ್ಟ್ರು ಅದನ್ನು ಓದಿದಾಗ ಮೈ ಜುಮ್ಮೆಂದಿತ್ತು, ಈಗಲೂ ಅನ್ನುತ್ತದೆ. ರನ್ನನೂ ಲಾಜಿಕ್ ಮೀರಿದ್ದಾನೆ ಅಲ್ವಾ? ಆದರೆ ಸುತ್ತ ನೀರಿದೆ ಎಂಬುದನ್ನು ಅವನು ಒಂದು ಕ್ಷಣವೂ ಮರೆತಿಲ್ಲ. ಅದಕ್ಕೇ ಆ ಬೆವರು ನಮ್ಮನ್ನು ತಟ್ಟುವುದು. ನಿಮ್ಮ ರಾಜ ಮೂರು ಯುದ್ಧದಲ್ಲಿ ಒಂದು ಸಲವಾದರೂ ಬೆವರಿದನೇ?

ಇದರಿಂದ ಎರಡನೇ ತಕರಾರು ಹುಟ್ಟುತ್ತದೆ. ನಿಮ್ಮ ರಾಜನಿಗೆ ಸೋಲುವ ಭಯವೇ ಇಲ್ಲ. ಶತ್ರುಗಳಿಗೂ ಕಾರಣವಿಲ್ಲ: ಅವರು ಯಾಕೆ ಬಂದರು? ‘ಲೋಕವನ್ನೇ ಗೆಲ್ಲುವ ದುರಾಸೆಯಿಂದ’ ಎಂದು ಒಂದು ಕಡೆ ಬರುತ್ತದೆ, ಅಷ್ಟೇ. ಕಾಮಿಕ್ಸ್ ಓದಿ ಬೆಳೆದೆ ಎಂದಿದ್ದೀರಿ, ಹಾಗಾಗಿ ಎರಡಕ್ಕೂ ಅಲ್ಲಿಂದಲೇ ಉದಾಹರಣೆ ಕೊಡುತ್ತೇನೆ. 1941ರಲ್ಲಿ ಬಂದ ಆಕ್ವಾಮ್ಯಾನ್ ಎಂಬ ಕಡಲ ನಾಯಕನಿಗೆ ಮುಂದೆ ಒಂದು ಕಟ್ಟು ಹಾಕಿದರು: ನೀರು ಬಿಟ್ಟು ಒಂದು ಗಂಟೆಗಿಂತ ಜಾಸ್ತಿ ಇದ್ದರೆ ಪ್ರಾಣಕ್ಕೇ ಅಪಾಯ. ನಿಮ್ಮ ರಾಜನಿಗೆ ಇಂಥ ಒಂದು ಕಟ್ಟೂ ಇಲ್ಲ. ಆಕ್ವಾಮ್ಯಾನ್‌ಗಿಂತ ಎರಡು ವರ್ಷ ಮೊದಲು, 1939ರಲ್ಲಿ, ಬಿಲ್ ಎವರೆಟ್ ಎಂಬ ಅಮೆರಿಕದ ಚಿತ್ರಕಾರ ನೇಮರ್ ಎಂಬ ಕಡಲ ರಾಜಕುಮಾರನನ್ನು ಹುಟ್ಟಿಸಿದ್ದ. ನೇಮರನ ತಾಯಿ ಕಡಲಾಳದ ರಾಜಮನೆತನದವಳು. ತಂದೆ ನೆಲದವನು, ಹಡಗಿನ ಕ್ಯಾಪ್ಟನ್. ಆ ತಂದೆಯ ಹಡಗಿನವರು ಸಿಡಿಸಿದ ಮದ್ದಿನಿಂದಲೇ ಕೆಳಗಿದ್ದ ತಾಯಿಯ ಜನ ಸತ್ತಿರುತ್ತಾರೆ. ಮೇಲಿನವರಿಗೆ ಕೆಳಗೆ ಜನ ಇದ್ದಾರೆ ಎಂಬುದೇ ಗೊತ್ತಿರುವುದಿಲ್ಲ. ನೇಮರ್ ಸಿಟ್ಟಿನಿಂದ ಮೇಲೆ ಬಂದು ಊರುಗಳ ಮೇಲೆ ಬಿದ್ದಾಗ, ದಾಳಿ ಮಾಡಿದವರು ಯಾರು ಅಂತ ಓದುಗ ತಡವರಿಸುತ್ತಾನೆ. ಅವನ ಮೈಯಲ್ಲಿ ಎರಡೂ ಕಡೆಯ ರಕ್ತವಿದೆ.

ನಿಮ್ಮ ಪತ್ರದ ಕೊನೆಯಲ್ಲಿ, ಸುಮ್ನೆ ಪರಿಚಯಕ್ಕೆ ಎಂಬಂತೆ, ಎರಡು ಸಾಲು ಇತ್ತು. ನೀವು ಕರಾವಳಿಯವರು. ಅಪ್ಪ ಇಪ್ಪತ್ತು ವರ್ಷದಿಂದ ಟ್ರಾಲ್ ಬೋಟಿಗೆ ಹೋಗುತ್ತಾರೆ. ಅದನ್ನು ಓದಿದ ಮೇಲೆಯೇ ನನ್ನ ಸಿಟ್ಟು ಸಂಕಟವಾಗಿದ್ದು. ಬಾವಿ ಬಿಟ್ಟರೆ ಬೇರೆ ನೀರು ಕಾಣದವನು ನಾನು. ನಿಮ್ಮ ಮನೆಯಲ್ಲಿ ಒಣಹಾಕಿದ ಅಂಗಿಯ ಮೇಲೂ ಉಪ್ಪು ಬಿಳಿಯಾಗಿ ಕೂತಿರುತ್ತದೆ. ಅಷ್ಟಿದ್ದೂ ಶತ್ರುಗಳನ್ನು ಕರೆತರಲು ಆಕಾಶಕ್ಕೆ ಹೋಗಿದ್ದೀರಿ.

ಕೆಳಗಿನಿಂದ ಒಮ್ಮೆ ನೋಡಿ. ರಾಜ್ಯ ಸಾವಿರ ಮಾರು ಆಳದಲ್ಲಿ ಬೇಡ, ಮೂವತ್ತು ಮಾರಿಗೆ ತನ್ನಿ. ಅಲ್ಲಿ ಮಂಕಾದ ನೀಲಿಹಸಿರು ಬೆಳಕಿದೆ, ಮರಳಿದೆ, ನಿಮ್ಮ ಅಪ್ಪನ ಬಲೆ ಮುಟ್ಟುವ ನೆಲವಿದೆ. ಮೊದಲು ಎಂಜಿನ್ನಿನ ಸದ್ದು ಎಲ್ಲ ಕಡೆಯಿಂದ ಬರುತ್ತದೆ. ಆಮೇಲೆ ತಳವನ್ನೇ ಗುಡಿಸಿಕೊಂಡು ಬಲೆ ಬರುತ್ತದೆ. ಮರಳು ಮೋಡದ ಹಾಗೆ ಏಳುತ್ತದೆ. ಇನ್ನೊಂದು ಕಡೆ ಲೈಟ್ ಫಿಶಿಂಗ್ ಬೋಟುಗಳು ನಡುರಾತ್ರಿ ದೀಪ ಹೊತ್ತಿಸುತ್ತವೆ. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ನಾಡದೋಣಿಯವರು ಅದರ ವಿರುದ್ಧ ಎಷ್ಟು ಹೋರಾಡಿದ್ದಾರೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಿಮ್ಮ ರಾಜನಿಗೆ ಅದು ರಾತ್ರಿಯ ಹೊತ್ತು ತಲೆಯ ಮೇಲೆ ಹುಟ್ಟಿದ ಸೂರ್ಯ. ಅವನ ಪ್ರಜೆಗಳು, ಬಂಗುಡೆ, ಬೂತಾಯಿ, ಬೊಂಡಾಸ್, ಅವನು ಕೂಗಿ ಕರೆದರೂ ನಿಲ್ಲದೆ ಆ ಬೆಳಕಿನ ಕಡೆಗೆ ಏರುತ್ತವೆ. ಮೀನುಗಳೆಲ್ಲ ಮಾತು ಕೇಳುವ ರಾಜನ ಮಾತನ್ನು ಮೀನುಗಳು ಕೇಳದ ರಾತ್ರಿ ಅದು.

ಬಲೆಯ ಹಗ್ಗವನ್ನು ಹಿಂಬಾಲಿಸಿ ಅವನು ಮೇಲೆ ಬಂದರೆ ಅಲ್ಲಿ ಯಾರಿರುತ್ತಾರೆ? ಸಾಲ ತೀರಿಸಲು, ಮಗನನ್ನು ಓದಿಸಲು ದುಡಿಯುವ ಒಬ್ಬರು. ಅಂಗೈ ಬಿರುಕು ಬಿಟ್ಟಿದೆ, ಉಪ್ಪು ಅದರೊಳಗೆ ಇಳಿದಿದೆ. ರಾಜ ತ್ರಿಶೂಲ ಎತ್ತಬೇಕಾದ್ದು ಅವರ ಮೇಲೆ. ನೀವು ಅದನ್ನು ಎತ್ತಿಸುತ್ತೀರಾ? ಇದು ಬರೆಯಲು ಕಷ್ಟ, ಗೊತ್ತಿದೆ. ಅಪ್ಪನನ್ನು ಕೆಟ್ಟವರು ಮಾಡಿ ಅಂತ ನಾನು ಹೇಳುತ್ತಿಲ್ಲ. ರಾಜನನ್ನೂ ಮಾಡಬೇಡಿ.

ಸಂಭಾಷಣೆ, ಅಧ್ಯಾಯ, ಶೀರ್ಷಿಕೆ, ಈ ಬಗ್ಗೆ ಈಗ ಏನೂ ಹೇಳುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ರಜೆ. ಅಪ್ಪ ಮನೆಯಲ್ಲೇ ಇರುತ್ತಾರೆ. ಬಲೆ ರಿಪೇರಿ ಮಾಡುವಾಗ ಪಕ್ಕದಲ್ಲಿ ಕೂತು ಕೇಳಿ. ಬಲೆ ಮೇಲೆ ಬಂದಾಗ ಮೊದಲು ಯಾವ ವಾಸನೆ ಬರುತ್ತದೆ, ಬೇಡದ ಮೀನನ್ನು ಏನು ಮಾಡುತ್ತಾರೆ, ಯಾವ ಮೀನು ಜಾಸ್ತಿ ಹೊತ್ತು ಒದ್ದಾಡುತ್ತದೆ. ಬೋಟುಗಳು ಮತ್ತೆ ಕಡಲಿಗೆ ಇಳಿಯುವ ಮುಂಚೆ ತಿದ್ದಿ ಕಳಿಸಿ. ನಾನೇ ಓದುತ್ತೇನೆ.

ಈಗ ಆ ತೊರಕೆ. ‘ಗಡಿ ಕಾಯುವ ಮುದಿ ತೊರಕೆ ಮರಳಿನಲ್ಲಿ ಮೈ ಹೂತುಕೊಂಡು ಕಣ್ಣೆರಡನ್ನೇ ಹೊರಗೆ ಬಿಟ್ಟು ಮಲಗಿತ್ತು.’ ಇದು ನೀವು ನೋಡಿ ಬರೆದ ಸಾಲು. ಅಥವಾ ಅಪ್ಪ ಹೇಳಿದ್ದನ್ನು ಕೇಳಿ ಬರೆದಿದ್ದೀರಿ. ಇಡೀ ಕಥೆಯಲ್ಲಿ ನನಗೆ ನೀರು ತಾಗಿದ್ದು ಅಲ್ಲಿ ಮಾತ್ರ. ಆಮೇಲೆ ಅದು ಎಲ್ಲೂ ಕಾಣಲಿಲ್ಲ. ಯುದ್ಧ ಶುರುವಾಗಿದ್ದು ಅದೇ ಗಡಿಯಲ್ಲಿ, ಅದೇ ಮರಳಿನ ಮೇಲೆ. ರಾಜ ಗೆದ್ದು, ಡೋಲು ಬಡಿದು, ಹೂಮಳೆ ಸುರಿದ ಕೊನೆಯ ಪುಟದಲ್ಲೂ ನಾನು ಅದನ್ನೇ ಹುಡುಕುತ್ತಿದ್ದೆ. ಆ ತೊರಕೆಗೆ ಏನಾಯಿತು?